ಉಪ್ಪ ರಿಕ್ಷಾ ಹತ್ತಿದ ದಿನ

2022ರ ಮಳೆಗಾಲದ ಒಂದು ಬುಧವಾರ. ಕಾರಿನ ಕೀ ಹಿಡಿದು ನಾವು ಅಂಗಳಕ್ಕಿಳಿಯುವಷ್ಟರಲ್ಲಿ ಗೇಟಿನ ಹೊರಗೆ ನೆರೆಮನೆಯವರ ರಿಕ್ಷಾ ಬಂದು ನಿಂತಿತ್ತು. ಉಪ್ಪ ಆಗಲೇ ಬಿಳಿ ಅಂಗಿ ತೊಟ್ಟು, ಡಯಾಲಿಸಿಸ್ ಫೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಜಗಲಿಯಲ್ಲಿ ಕುಳಿತಿದ್ದರು. "ನೀವಿಬ್ಬರೂ ನಿಮ್ಮ ಕೆಲಸ ನೋಡಿಕೊಳ್ಳಿ ಮಕ್ಕಳೇ, ನಾನು ರಿಕ್ಷಾದಲ್ಲಿ ಹೋಗಿ ಬರುತ್ತೇನೆ" ಎಂದರು.

"ಕಾರು ಉಂಟಲ್ಲ ಉಪ್ಪಾ?" ಎಂದು ಕೇಳಿದೆವು.

ಅವರು ಅಂಗಳದಲ್ಲಿ ನಿಂತಿದ್ದ ಕೆಂಪು ಕಾರನ್ನೊಮ್ಮೆ ನೋಡಿದರು. "ಉಂಟು. ಆದರೆ ಅದರಲ್ಲಿ ಕೂತರೆ ರಸ್ತೆಯ ಮೇಲೆಯೇ ಕೂತ ಹಾಗಾಗುತ್ತದೆ. ಇಳಿಯುವಾಗ ಯಾರಾದರೂ ಎತ್ತಬೇಕು" ಎಂದಷ್ಟೇ ಹೇಳಿ ಎದ್ದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ಮೆಲ್ಕಾರಿನಿಂದ ಮಂಗಳೂರಿನವರೆಗೂ ನಾವು ರಿಕ್ಷಾದ ಹಿಂದೆಯೇ ಖಾಲಿ ಕಾರು ಓಡಿಸಿಕೊಂಡು ಹೋದೆವು. ಇಡೀ ದಾರಿ ಇಬ್ಬರೂ ಮಾತಾಡಲಿಲ್ಲ.

ಆ ಕಾರಿನ ಕಥೆಯನ್ನು ಸ್ವಲ್ಪ ಹೇಳಬೇಕು. ನಮ್ಮಲ್ಲಿ ಹಿರಿಯವನು ಕೆಲವು ವರ್ಷ ಸೌದಿಯ ಜುಬೈಲ್‌ನಲ್ಲಿ ದುಡಿದು ಬಂದವನು. ಅಲ್ಲಿ ಶುಕ್ರವಾರದ ಸಂಜೆಗಳಲ್ಲಿ ಗಾಲ್ಫ್ ಜಿಟಿಐ ಕಾರುಗಳನ್ನು ಕಂಡು ಮರುಳಾಗಿದ್ದವನು. ಮನೆಮಂದಿಯ ಸಾಮಾನ್ಯ ಹ್ಯಾಚ್‌ಬ್ಯಾಕ್ ಕಾರಿಗೆ ಬಲವಾದ ಇಂಜಿನ್ ಕೂರಿಸಿ, ಅದರ ಕಾಲುಗಳನ್ನು ಬಿಗಿಗೊಳಿಸಿದರೆ ಅದು 'ಹಾಟ್ ಹ್ಯಾಚ್'. ಫೋಕ್ಸ್‌ವ್ಯಾಗನ್ 1975ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ತೋರಿಸಿ 1976ರಲ್ಲಿ ಮಾರಾಟಕ್ಕಿಳಿಸಿದ ಮೊದಲ ಗಾಲ್ಫ್ ಜಿಟಿಐಗೆ ಇದ್ದದ್ದು 110 ಅಶ್ವಶಕ್ತಿ ಮಾತ್ರ. ಐದು ಸಾವಿರ ಕಾರು ಮಾರಿದರೆ ಸಾಕೆಂದು ಲೆಕ್ಕ ಹಾಕಿದ್ದ ಕಂಪನಿ ಲಕ್ಷಗಟ್ಟಲೆ ಮಾರಿತು. ಕೆಲಸದ ದಿನ ಮಕ್ಕಳನ್ನು ಶಾಲೆಗೆ ಬಿಟ್ಟು, ರಜೆಯ ದಿನ ಬೆಟ್ಟದ ತಿರುವುಗಳಲ್ಲಿ ಹಾರಬಲ್ಲ ಕಾರು ಯಾರಿಗೆ ಬೇಡ?

ಜಿಟಿಐ ನಮ್ಮ ಕೈಗೆಟಕುವಂಥದ್ದಾಗಿರಲಿಲ್ಲ. ಅದರ ತಮ್ಮನಂತಿದ್ದ ಪೋಲೋ ಜಿಟಿ ಟಿಎಸ್‌ಐ ಸಿಕ್ಕಿತು. 1.2 ಲೀಟರಿನ ಟರ್ಬೊ ಇಂಜಿನ್, 105 ಅಶ್ವಶಕ್ತಿ, ಏಳು ಗೇರಿನ ಡ್ಯುಯಲ್ ಕ್ಲಚ್ ಪೆಟ್ಟಿಗೆ. 2014ರ ಮಾದರಿಯದನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡೆವು. ಇಬ್ಬರೂ ಸೇರಿ ದುಡ್ಡು ಹಾಕಿದ್ದರಿಂದ ಅದು ಇಬ್ಬರದೂ ಆಗಿತ್ತು. ಪುಣೆ ಬಳಿಯ ಚಾಕಣ್‌ನಲ್ಲಿ ಪೋಲೋ ತಯಾರಿಕೆ 2022ರಲ್ಲಿ ನಿಂತಿತು. ನಿಂತ ಮೇಲಂತೂ ಇಂಥ ಕಾರು ಉಳ್ಳವರಿಗೆ ಅದರ ಮೇಲೆ ಇನ್ನಷ್ಟು ಮೋಹ.

ಮೋಹಕ್ಕೆ ಕೊನೆಯಿಲ್ಲ. ಮೂಲ ಕಾರು ಮಡ್‌ಗಾರ್ಡ್ ಮತ್ತು ಟಯರಿನ ನಡುವೆ ನಾಲ್ಕು ಬೆರಳು ತೂರುವಷ್ಟು ಎತ್ತರಕ್ಕಿತ್ತು. ಆ ಖಾಲಿ ಜಾಗ ನಮ್ಮ ಕಣ್ಣಿಗೆ ಚುಚ್ಚತೊಡಗಿತು. ಕೊನೆಗೆ ಒಂದು ಲಕ್ಷದ ಹತ್ತಿರ ಖರ್ಚು ಮಾಡಿ ಕಾಯಿಲೋವರ್ ಸೆಟ್ ತರಿಸಿದೆವು.

ಕಾಯಿಲೋವರ್ ಎಂದರೆ ಹೆಸರಿನಲ್ಲಿ ಭಾರೀ ಗುಟ್ಟೇನೂ ಇಲ್ಲ. ಶಾಕ್ ಅಬ್ಸಾರ್ಬರಿನ ಮೇಲೆ ಸುರುಳಿ ಸ್ಪ್ರಿಂಗ್ ಕೂತಿರುತ್ತದೆ, ಅಷ್ಟೆ. ಮುಂದಿನ ಚಕ್ರಕ್ಕೆ ಸ್ಪ್ರಿಂಗ್ ಮತ್ತು ಶಾಕ್ ಒಂದೇ ಕಂಬವಾಗಿರುವ ಮ್ಯಾಕ್‌ಫರ್ಸನ್ ಸ್ಟ್ರಟ್ ಹೆಚ್ಚಿನ ಸಣ್ಣ ಕಾರುಗಳಲ್ಲಿ ಮೊದಲೇ ಉಂಟು. ಹೊರಗಿನಿಂದ ತರುವ ಸೆಟ್ಟಿನ ವಿಶೇಷವೆಂದರೆ ಕಂಬದ ಮೈಗೆ ಬೋಲ್ಟಿನ ಹಾಗೆ ಮರೆ ಕೊರೆದಿರುತ್ತಾರೆ. ಸ್ಪ್ರಿಂಗ್ ಕೂರುವ ಕಾಲರನ್ನು ತಿರುಗಿಸಿ ಕಾರನ್ನು ಏರಿಸಬಹುದು, ಇಳಿಸಬಹುದು. ಶಾಕಿನ ತುದಿಯ ಸಣ್ಣ ಗುಬುಟನ್ನು 'ಟಿಕ್ ಟಿಕ್' ಎಂದು ತಿರುಗಿಸಿ ಅದರ ಬಿಗಿ ಬದಲಿಸಬಹುದು. ಪೋಲೋದ ಹಿಂಭಾಗದಲ್ಲಿ ಸ್ಪ್ರಿಂಗೇ ಬೇರೆ, ಶಾಕೇ ಬೇರೆ. ಅಲ್ಲಿ ಸ್ಪ್ರಿಂಗಿನ ಅಡಿಗೆ ಮರೆಯಿರುವ ಪೀಠವೊಂದನ್ನು ಕೊಡುತ್ತಾರೆ. ತಿರುಗಿಸಿದರೆ ಬದಲಾಗುವ ಇಷ್ಟೊಂದು ಭಾಗಗಳು ಕೈಗೆ ಸಿಕ್ಕಾಗ ಮನುಷ್ಯನಿಗೆ ತಾನೇ ಇಂಜಿನಿಯರ್ ಎಂಬ ಭಾವನೆ ಬಂದುಬಿಡುತ್ತದೆ. ನಮಗೂ ಬಂತು.

ಕೂರಿಸಿದವರು ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಇಳಿಸಬೇಕು?" ನಾವು ಹೇಳಿದ್ದೂ ಒಂದೇ ಉತ್ತರ: "ಚೆಂದ ಕಾಣುವಷ್ಟು." ಕಾರು 55 ಮಿ.ಮೀ. ಇಳಿಯಿತು. ಶಾಕುಗಳನ್ನು ಪೂರ್ತಿ ಬಿಗಿ ಮಾಡಿಸಿದೆವು. ಶಿರಾಡಿ ಘಾಟಿಯ ತಿರುವುಗಳಲ್ಲಿ ಎರಡು ಭಾನುವಾರ ಓಡಿಸಿ ಸಂತೋಷಪಟ್ಟೆವು. ಆ ಎರಡು ದಿನವೂ ಕಾರಿನಲ್ಲಿದ್ದವರು ನಾವಿಬ್ಬರೇ ಎಂಬುದು ಆಗ ಹೊಳೆಯಲಿಲ್ಲ.

ಉಪ್ಪನಿಗೆ ಡಯಾಲಿಸಿಸ್ ಶುರುವಾಗಿ ಆಗ ನಾಲ್ಕು ತಿಂಗಳು. ಸೋಮವಾರ, ಬುಧವಾರ, ಶುಕ್ರವಾರ. ಪ್ರತಿ ಸಲ ನಾಲ್ಕು ತಾಸು. ಹೋದ ಕೂಡಲೇ ತೂಕ ನೋಡುತ್ತಾರೆ, ಮುಗಿದ ಮೇಲೆ ಮತ್ತೆ ನೋಡುತ್ತಾರೆ. ಎರಡು ದಿನದಲ್ಲಿ ಮೈಯಲ್ಲಿ ನಿಂತ ನೀರೆಷ್ಟು, ತೆಗೆಯಬೇಕಾದದ್ದೆಷ್ಟು ಎಂಬುದು ಆ ತೂಕದಿಂದಲೇ ಲೆಕ್ಕ. ಅವಸರದಲ್ಲಿ ಹೆಚ್ಚು ತೆಗೆದರೆ ರಕ್ತದೊತ್ತಡ ಕುಸಿಯುತ್ತದೆ, ಕಾಲು ಸೆಳೆಯುತ್ತದೆ. ಹಿಂಡಿದ ಬಟ್ಟೆಯಂತಾಗಿ ಹೊರಬರುವ ಆ ದೇಹವನ್ನು ನಾವು ನೆಲದಿಂದ ಒಂದು ಗೇಣು ಎತ್ತರದ ಕಾರಿನೊಳಗೆ ಬಗ್ಗಿಸಿ ಕೂರಿಸುತ್ತಿದ್ದೆವು. ಬಿ.ಸಿ. ರೋಡಿನಿಂದ ಇತ್ತ ಹೆದ್ದಾರಿ ಅಗಲೀಕರಣದ ಕೆಲಸ ನಡೆಯುತ್ತಿದ್ದ ಕಾಲ ಅದು. ಕೆಸರು, ಹೊಂಡ, ದಿನಕ್ಕೊಂದು ತಿರುಗುದಾರಿ. ಪ್ರತಿ ಹೊಂಡಕ್ಕೂ ಉಪ್ಪ ಕಣ್ಣು ಮುಚ್ಚಿ, ಫಿಸ್ಟುಲಾ ಇದ್ದ ಎಡಗೈಯನ್ನು ಬಲಗೈಯಿಂದ ಎದೆಗೊತ್ತಿ ಹಿಡಿಯುತ್ತಿದ್ದರು. ನಾವದನ್ನು ಆಯಾಸವೆಂದುಕೊಂಡಿದ್ದೆವು.

ರಿಕ್ಷಾದ ಆ ಬುಧವಾರ ರಾತ್ರಿ ನಾವೇ ಪರಿಹಾರ ಹುಡುಕಿದೆವು. ಶಾಕ್ ಬಿಗಿಯಿದ್ದದ್ದಕ್ಕೆ ಕುಲುಕುತ್ತದೆ, ಸಡಿಲ ಮಾಡಿದರಾಯಿತು ಎಂದು ಗುಬುಟುಗಳನ್ನು ಹಿಂದಕ್ಕೆ ತಿರುಗಿಸಿದೆವು. ಮರುದಿನ ಓಡಿಸಿ ನೋಡಿದರೆ ಹಂಪಿನಲ್ಲಿ ಮೊದಲಿಗಿಂತ ಜೋರಾಗಿ 'ಧಡ್' ಎಂದಿತು. ಪುನಃ ಬಿಗಿ ಮಾಡಿದರೆ ರಸ್ತೆಯ ಸಾಲು ಪಟ್ಟಿಗಳ ಮೇಲೆ ಕಾರು ಒಂದೊಂದಕ್ಕೂ ಕುಸಿಯುತ್ತಾ ಹೋಗಿ ಕೊನೆಯ ಪಟ್ಟಿಗೆ ನೆಲಕ್ಕೆ ತಾಗುವಂತಾಯಿತು. ಅತ್ತ ದರಿ, ಇತ್ತ ಪುಲಿ.

ಕೊನೆಗೆ ಹೋದದ್ದು ಪೊರ್ಬುಗಳಲ್ಲಿಗೆ. ಊರಿನ ಹಳೆಯ ಮೇಸ್ತ್ರಿ. ಉಪ್ಪ ಲಾರಿ ಓಡಿಸುತ್ತಿದ್ದ ಕಾಲದಿಂದ ಅವರ ಸ್ನೇಹಿತ. ನಾವು ದೊಡ್ಡ ಅಂಗಡಿಯ ಕಡೆ ಮುಖ ಮಾಡಿ ಅವರ ತಗಡಿನ ಶೆಡ್ಡನ್ನು ಮರೆತಿದ್ದೆವು. ಅವರು ಕಾರಿನ ಸುತ್ತ ಒಂದು ಸುತ್ತು ಬಂದು, "ಬ್ಯಾರಿಗಳೇ, ಕಾರಿಗೆ ಕಾಲು ಕತ್ತರಿಸಿ ಓಡು ಅಂದರೆ ಅದು ಎಂತ ಮಾಡುವುದು ಮಾರಾಯ್ರೆ?" ಎಂದು ನಕ್ಕರು. ಆಮೇಲೆ ಒಂದು ಸಣ್ಣ ಕೇಬಲ್ ಟೈ ತಂದರು. ಶಾಕಿನ ಹೊಳೆಯುವ ಸರಳಿಗೆ ಅದನ್ನು ಬಿಗಿದು, ಕೆಳಕ್ಕೆ ದೂಡಿ, "ಹೋಗಿ, ದಿನಾ ಹೋಗುವ ದಾರಿಯಲ್ಲೇ ಒಂದು ಸುತ್ತು ಹಾಕಿ ಬನ್ನಿ" ಎಂದರು.

ಸರಳು ಒಳಗೆ ಹೋದಷ್ಟೂ ಆ ಟೈ ಮೇಲಕ್ಕೆ ಜರುಗುತ್ತದೆ. ಹಿಂದಿರುಗಿ ಬರುವುದಿಲ್ಲ. ಒಂದು ಸುತ್ತು ಮುಗಿಸಿ ಬಂದು ನೋಡಿದರೆ ಅದು ಮೇಲ್ತುದಿಯ ರಬ್ಬರಿನ ಬಂಪ್ ಸ್ಟಾಪರಿನೊಳಗೆ ಹುಗಿದುಹೋಗಿತ್ತು. ಪೊರ್ಬುಗಳು ಬೆರಳಿಟ್ಟು ತೋರಿಸಿದರು: "ಸ್ಪ್ರಿಂಗ್ ಅಲ್ಲ, ಶಾಕ್ ಅಲ್ಲ, ನಿಮ್ಮ ಉಪ್ಪನಿಗೆ ಹೊಡೆಯುವುದು ಇದು."

ಅಂದಿಗೆ ನಮ್ಮ ವಿದ್ಯೆಯ ಸೊಕ್ಕು ಇಳಿಯಿತು. ಚಕ್ರಕ್ಕೆ ಮೇಲೇಳಲು ಇರುವ ಜಾಗ ಒಂದು ಸಂಪತ್ತಿನಂತೆ. ಕಾರನ್ನು ಇಳಿಸಿದಷ್ಟೂ ಆ ಜಾಗವನ್ನು ನಿಂತಲ್ಲೇ ಖರ್ಚು ಮಾಡಿದಂತೆ. ಜಾಗ ಮುಗಿದ ಮೇಲೆ ಕಾರು ನಿಲ್ಲುವುದು ರಬ್ಬರಿನ ಮೇಲೆ. ಆಗ ಶಾಕನ್ನು ಎಷ್ಟು ಟಿಕ್ ತಿರುಗಿಸಿದರೂ ಫಲವಿಲ್ಲ. ಸಡಿಲಿಸಿದರೆ ಬೇಗ ಹೋಗಿ ಬಡಿಯುತ್ತದೆ. ಬಿಗಿಗೊಳಿಸಿದರೆ ಕುಸಿದ ಕಾರು ಮುಂದಿನ ಉಬ್ಬಿನೊಳಗೆ ಮೇಲೇಳಲು ಸಮಯ ಸಾಲುವುದಿಲ್ಲ. ಲೆಕ್ಕ ಕಾಗದದ ಮೇಲೆಯೇ ಸೋತಿತ್ತು. ಪೋಲೋದ ತಳ ನೆಲದಿಂದ ಸುಮಾರು 165 ಮಿ.ಮೀ. ಎತ್ತರ. ನಾವು 55 ಇಳಿಸಿ 110 ಮಾಡಿದ್ದೆವು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಹಂಪೇ 100 ಮಿ.ಮೀ. ಎತ್ತರ, ಆದರೆ ಅದು 3.7 ಮೀಟರ್ ಅಗಲಕ್ಕೆ ಹರಡಿ ಮೆಲ್ಲಗೆ ಏರಿ ಇಳಿಯಬೇಕಾದದ್ದು. ನಮ್ಮೂರ ಹಂಪುಗಳು ಒಂದು ಮೊಳ ಅಗಲದ ಡಾಮರಿನ ಗುಡ್ಡೆಗಳು. ಮೂವರು ಕೂತ ಕಾರು ಅಲ್ಲಿ ಹೇಗೆ ದಾಟೀತು?

ಸಂಜೆ ಇದನ್ನೆಲ್ಲ ಉಪ್ಪನ ಮುಂದೆ ಹೇಳಿದೆವು. ಅವರು ಮೂವತ್ತು ವರ್ಷ ಲಾರಿಯ ಸ್ಟೇರಿಂಗ್ ಹಿಡಿದವರು. ಅಡಿಕೆ, ಹಂಚು, ಉಪ್ಪು ಹೇರಿಕೊಂಡು ಘಾಟಿ ಹತ್ತಿದವರು. ಎಲ್ಲ ಕೇಳಿ, "ಖಾಲಿ ಲಾರಿ ಕುಣಿಯುತ್ತದೆ, ಲೋಡಾದ ಲಾರಿ ತೇಲುತ್ತದೆ. ಯಾವ ಲೋಡಿಗೆ ಮಾಡಿದ್ದು ಅಂತ ಮೊದಲು ನೋಡಬೇಕಲ್ಲವಾ?" ಎಂದರು. ಮನೆಯೊಳಗೇ ಇಷ್ಟು ದೊಡ್ಡ ಗ್ರಂಥವಿತ್ತು. ಅದನ್ನು ತೆರೆಯದೆ ನಾವು ಊರೆಲ್ಲ ತಿರುಗಿದ್ದೆವು.

ಮುಂದಿನ ಮೂರು ಭಾನುವಾರ ಪೊರ್ಬುಗಳ ಶೆಡ್ಡಿನಲ್ಲಿ ಕಳೆದೆವು. ಮೊದಲು ಬದಲಾದದ್ದು ಮುಂದಿನ ಸ್ಪ್ರಿಂಗ್. ಕಾರಿನ ಒಟ್ಟು ತೂಕ ಸುಮಾರು 1,100 ಕೆ.ಜಿ. ಅದರಲ್ಲಿ ಮುಂದಿನ ಒಂದೊಂದು ಸ್ಪ್ರಿಂಗ್ ಹೊರುವುದು 300 ಕೆ.ಜಿ.ಯಷ್ಟು. ಸೆಟ್ಟಿನ ಸ್ಪ್ರಿಂಗ್ ಒಂದು ಮಿ.ಮೀ. ಕುಗ್ಗಲು 5 ಕೆ.ಜಿ. ಕೇಳುತ್ತಿತ್ತು. ಹಾಗಾಗಿ ನಿಂತಲ್ಲಿ 60 ಮಿ.ಮೀ. ಕುಗ್ಗುತ್ತಿತ್ತು. ನಾವು ತರಿಸಿದ ಮೆತ್ತನೆಯದು 3.5ರದ್ದು, ಸುಮಾರು 86 ಮಿ.ಮೀ. ಕುಗ್ಗುತ್ತದೆ. ಆದ್ದರಿಂದ ಸ್ಪ್ರಿಂಗ್ ಮೆತ್ತಗಾದಷ್ಟೂ ಕಾಲರನ್ನು ಮೇಲೇರಿಸಬೇಕು. ಕಾಲರ್ ಏರಿಸಿದರೆ ಸ್ಪ್ರಿಂಗ್ ಗಡುಸಾಗುತ್ತದೆಂದು ನಾವು ನಂಬಿದ್ದೆವು. ಅದು ತಪ್ಪು. ಒಂದೇ ಸಮನಾದ ಸುರುಳಿಯ ಸ್ಪ್ರಿಂಗಿನ ಗಡಸುತನ ತಂತಿಯದ್ದು, ಕಾಲರಿನದ್ದಲ್ಲ. ಏರುವುದು ಕಾರಿನ ಎತ್ತರ ಮಾತ್ರ.

ಎತ್ತರ ಅಳೆಯುವುದರಲ್ಲೂ ಒಂದು ಶಿಸ್ತುಂಟು. ನೆಲದಿಂದ ಅಳೆದರೆ ಟಯರಿನ ಗಾಳಿಯೂ ಲೆಕ್ಕಕ್ಕೆ ಸೇರಿ ಮೋಸವಾಗುತ್ತದೆ. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿಗೆ ಅಳೆಯಬೇಕು. ಶೆಡ್ಡಿನ ನೆಲ ಸಮವಿರಲಿಲ್ಲ. ಪೊರ್ಬುಗಳು ಗಾರೆಯವರ ನೀರಿನ ಟ್ಯೂಬ್ ತಂದು ನಾಲ್ಕು ಚಕ್ರದ ಜಾಗದ ಮಟ್ಟ ನೋಡಿ, ತಗ್ಗಿದ್ದಲ್ಲಿ ಟೈಲ್ಸ್ ತುಂಡುಗಳನ್ನಿಟ್ಟರು. ಕೆಳಗಿನ ಕೈಗಳ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಕಾರು ನೆಲಕ್ಕಿಳಿದ ಮೇಲೆಯೇ ಬಿಗಿ ಮಾಡಿದರು. ಚಕ್ರ ಜೋತಾಡುತ್ತಿರುವಾಗ ಬಿಗಿದರೆ ರಬ್ಬರು ಸದಾ ಹಿಂಡಿದ ಸ್ಥಿತಿಯಲ್ಲೇ ಇದ್ದು ಬೇಗ ಹರಿಯುತ್ತದಂತೆ. ನಮ್ಮದನ್ನು ಮೊದಲು ಕೂರಿಸಿದಾಗ ಹಾಗೇ ಆಗಿತ್ತು. ಎಡಗಡೆಯ ಬುಷ್ ಆಗಲೇ ಬಿರುಕು ಬಿಟ್ಟಿತ್ತು. ಇಳಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸದೆ ಓಡಿಸಿದ್ದಕ್ಕೆ ಮುಂದಿನ ಟಯರುಗಳ ಒಳಅಂಚು ನುಣ್ಣಗಾಗಿತ್ತು. ನಿಂತು ನೋಡುವವರಿಗೆ ಚೆಂದ ಕಾಣುತ್ತಿದ್ದ ಕಾರು ಒಳಗೊಳಗೇ ಸವೆಯುತ್ತಿತ್ತು.

ಕೊನೆಯದು ತೂಕ. ರೇಸಿನವರು ನಾಲ್ಕು ಚಕ್ರಗಳಡಿ ನಾಲ್ಕು ತಕ್ಕಡಿಯಿಟ್ಟು, ಚಾಲಕನ ಸೀಟಿನಲ್ಲಿ ಅವನನ್ನೇ ಕೂರಿಸಿ ಅಥವಾ ಅವನ ತೂಕದ ಮರಳಿನ ಚೀಲವಿಟ್ಟು ನೋಡುತ್ತಾರೆ. ನಾಲ್ಕು ಕಾಲಿನ ಮಣೆಯ ಒಂದು ಕಾಲು ತುಸು ಉದ್ದವಾದರೆ ಅದೂ, ಅದರ ಮೂಲೆಯೆದುರಿನ ಕಾಲೂ ಹೆಚ್ಚು ಭಾರ ಹೊರುವಂತೆ ಕಾರಿನಲ್ಲೂ ಆಗುತ್ತದೆ. ನಮ್ಮಲ್ಲಿ ಎಲ್ಲಿ ಬರಬೇಕು ನಾಲ್ಕು ತಕ್ಕಡಿ? ಉಪ್ಪ ಫೋನ್ ಮಾಡಿ ತನ್ನ ಪರಿಚಯದ ಅಡಿಕೆ ಗೋದಾಮಿನ ತೂಕದ ಯಂತ್ರವನ್ನು ಒಂದು ಭಾನುವಾರಕ್ಕೆ ಬಿಡಿಸಿಕೊಟ್ಟರು. ಒಂದು ಚಕ್ರ ಯಂತ್ರದ ಮೇಲೆ, ಉಳಿದ ಮೂರು ಅಷ್ಟೇ ಎತ್ತರದ ಮರದ ದಿಮ್ಮಿಗಳ ಮೇಲೆ. ಹೀಗೆ ನಾಲ್ಕು ಸಲ.

"ಸೀಟಿನಲ್ಲಿ ಎಷ್ಟು ಚೀಲ ಇಡುವುದು?" ಎಂದು ಗೋದಾಮಿನ ಹುಡುಗ ಕೇಳಿದ. ಉಪ್ಪ ಮಾತಾಡದೆ ಹೋಗಿ ಮುಂದಿನ ಎಡ ಸೀಟಿನಲ್ಲಿ ಕುಳಿತರು. ಡಯಾಲಿಸಿಸ್ ಆದ ಮೇಲಿನ ಅವರ ತೂಕ 58 ಕೆ.ಜಿ. ಅದು ನಮಗೆಲ್ಲರಿಗೂ ಬಾಯಿಪಾಠ. ನಮ್ಮಲ್ಲಿ ಕಿರಿಯವನು 75 ಕೆ.ಜಿ. ಸ್ಟೇರಿಂಗ್ ಹಿಡಿದ. ಮುಂದಿನ ಎಡಕ್ಕೆ 396, ಮುಂದಿನ ಬಲಕ್ಕೆ 361, ಹಿಂದಿನ ಎಡಕ್ಕೆ 226, ಹಿಂದಿನ ಬಲಕ್ಕೆ 250. ಮೂಲೆಯಿಂದ ಮೂಲೆಗೆ ಕೂಡಿಸಿದರೆ ಒಂದು ಕಡೆ 646, ಇನ್ನೊಂದು ಕಡೆ 587. ಇಷ್ಟು ದಿನ ಉಪ್ಪ ಕೂರುತ್ತಿದ್ದ ಮೂಲೆಯೇ ಎಲ್ಲಕ್ಕಿಂತ ಹೆಚ್ಚು ಭಾರ ಹೊತ್ತು ಎಲ್ಲಕ್ಕಿಂತ ಮೊದಲು ಬಡಿಯುತ್ತಿತ್ತು. ಆ ಕಾಲರನ್ನು ಸ್ವಲ್ಪ ಇಳಿಸಿ, ಬಲಗಡೆಯದನ್ನು ಸ್ವಲ್ಪ ಏರಿಸಿ, ಮತ್ತೆ ತೂಗಿ, ಮತ್ತೆ ತಿರುಗಿಸಿ, ಮಧ್ಯಾಹ್ನದ ಬಾಂಗ್ ಆಗುವ ಹೊತ್ತಿಗೆ 616 ಮತ್ತು 617ಕ್ಕೆ ತಂದೆವು. ಉಪ್ಪ ಆ ಎರಡು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆಸಿಕೊಂಡು ಜೇಬಿಗಿಟ್ಟರು.

ಈಗ ಕಾರು ಮೂಲಕ್ಕಿಂತ 15 ಮಿ.ಮೀ. ಮಾತ್ರ ಕೆಳಗಿದೆ. ಶಾಕುಗಳನ್ನು ಪೂರ್ತಿ ಬಿಗಿಯಿಂದ ಟಿಕ್ ಎಣಿಸುತ್ತಾ ಹಿಂದಕ್ಕೆ ಬಂದು, ಎಡಬಲ ಸಮನಾಗಿಟ್ಟು, ಒಂದು ಉಬ್ಬಿಗೆ ಒಂದೇ ಸಲ ಏರಿ ಇಳಿದು ನಿಲ್ಲುವಲ್ಲಿ ನಿಲ್ಲಿಸಿದ್ದೇವೆ. ಕೆಲವು ನೂರು ಕಿ.ಮೀ. ಓಡಿ ಸ್ಪ್ರಿಂಗ್ ಕೂತ ಮೇಲೆ ಮತ್ತೊಮ್ಮೆ ಅಳೆದೆವು. ಹೆಡ್‌ಲೈಟಿನ ನೋಟವನ್ನೂ ಸರಿಪಡಿಸಿದೆವು. ಕರಾವಳಿಯ ಉಪ್ಪುಗಾಳಿಗೆ ಕಾಲರಿನ ಮರೆಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆಂದು ಪ್ರತಿ ಮಳೆಗಾಲ ಮುಗಿದ ಮೇಲೆ ತೊಳೆದು ಗ್ರೀಸ್ ಹಚ್ಚುತ್ತೇವೆ. ವಿಚಿತ್ರವೆಂದರೆ ಘಾಟಿಯಲ್ಲಿ ಕಾರು ಈಗಲೇ ಚೆನ್ನಾಗಿ ತಿರುಗುತ್ತದೆ. ಅತಿಯಾಗಿ ಇಳಿಸಿದಾಗ ಮುಂದಿನ ಕೆಳಗೈಗಳು ಮೇಲ್ಮುಖವಾಗಿ, ಕಾರು ತಿರುವಿನಲ್ಲಿ ಹೆಚ್ಚು ವಾಲತೊಡಗುತ್ತದಂತೆ. ನಾವು ವೇಗವೆಂದು ತಿಳಿದದ್ದು ಬರೀ ಕುಲುಕಾಟವಾಗಿತ್ತು.

ಕಾನೂನಿನ ಮಾತನ್ನೂ ಮುಚ್ಚಿಡಬಾರದು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲಕನಿಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗಿನ ಸಜೆ ಇಟ್ಟಿತು. ವಿಮೆಯವರಿಗೆ ತಿಳಿಸದಿದ್ದರೆ ಅಪಘಾತವಾದಾಗ ಪರಿಹಾರಕ್ಕೂ ತೊಡಕು. ನಾವು ಇವನ್ನೆಲ್ಲ ಓದಿದ್ದು ಕೂರಿಸಿದ ಮೇಲೆ. ರಾತ್ರಿ ಒಂದು ತಪಾಸಣೆಯಲ್ಲಿ ಹೆಸರು ಕೇಳಿದ ಮೇಲೆ ಡಿಕ್ಕಿಯನ್ನು ಎರಡನೇ ಸಲ ತೆರೆಸಿದ ಅನುಭವ ನಮಗುಂಟು. ಅದನ್ನು ಅನ್ಯಾಯವೆಂದು ಗೆಳೆಯರಲ್ಲಿ ದೂರಿಕೊಂಡೆವು. ಅನ್ಯಾಯವೂ ಹೌದು. ಆದರೆ ಅಂದು ಕಾರು ನೆಲಕ್ಕೆ ತಾಗುವಂತಿದ್ದದ್ದು ನಮ್ಮದೇ ತಪ್ಪು. ನಮ್ಮ ಲೆಕ್ಕ ಚೊಕ್ಕವಾಗಿದ್ದರೆ ಮಾತ್ರ ಇನ್ನೊಬ್ಬರ ಲೆಕ್ಕ ಕೇಳುವ ಧೈರ್ಯ ಬರುತ್ತದೆ.

ಇಸ್ರಾಫ್ ಎಂದರೆ ದುಂದು ಖರ್ಚು ಎಂದು ಮದ್ರಸದಲ್ಲಿ ಕಲಿತಿದ್ದೆವು. ಒಂದು ಲಕ್ಷ ಸುರಿದದ್ದೇ ನಮ್ಮ ಇಸ್ರಾಫ್ ಎಂದುಕೊಂಡಿದ್ದೆವು. ಈಗ ಅನಿಸುವುದೇ ಬೇರೆ. ಚಕ್ರಕ್ಕೆ ಮೇಲೇಳಲು ಇದ್ದ ಜಾಗವನ್ನು ಬರೀ ನೋಟಕ್ಕಾಗಿ ತಿಂದುಹಾಕಿದ್ದು ಅದಕ್ಕಿಂತ ದೊಡ್ಡ ದುಂದು. ಮನೆಗಳಲ್ಲೂ ಹೀಗೇ ಅಲ್ಲವೇ? ಮದುವೆಗೆ, ಮನೆಯ ಮುಂಬಾಗಿಲಿಗೆ ಎಲ್ಲವನ್ನೂ ಸುರಿದು ಆಘಾತ ತಾಳುವ ಜಾಗವನ್ನೇ ಉಳಿಸಿಕೊಳ್ಳದ ಎಷ್ಟು ಕುಟುಂಬಗಳನ್ನು ನಾವು ಕಂಡಿಲ್ಲ! ಒಂದು ಕಾಯಿಲೆ ಬಂದರೆ ಸಾಕು, ನೇರ ರಬ್ಬರಿಗೇ ಬಡಿತ. ಅಂಥಲ್ಲಿ ಮೊದಲು ಪೆಟ್ಟು ತಿನ್ನುವವರು ಮಾತಾಡದೆ ಮೂಲೆಯಲ್ಲಿ ಕುಳಿತಿರುವವರು.

ಕಾರು ಸರಿಯಾದ ಮೊದಲ ಸೋಮವಾರ ಉಪ್ಪ ತಾವಾಗಿಯೇ ಬಾಗಿಲು ತೆರೆದು ಕುಳಿತರು. ವಾಪಸು ಬರುವಾಗ ಫರಂಗಿಪೇಟೆ ದಾಟುವಷ್ಟರಲ್ಲಿ ಅವರಿಗೆ ನಿದ್ದೆ ಬಂದಿತ್ತು. ಎಡಗೈ ಎದೆಯ ಮೇಲಿರಲಿಲ್ಲ, ತೊಡೆಯ ಮೇಲೆ ಸಡಿಲವಾಗಿ ಬಿದ್ದಿತ್ತು. ತುಂಬೆಯ ಬಳಿ ಒಂದು ಹೊಂಡ ತಪ್ಪಿಸಲಾಗಲಿಲ್ಲ. ನಾವಿಬ್ಬರೂ ಉಸಿರು ಹಿಡಿದು ಅವರ ಮುಖ ನೋಡಿದೆವು. ಕಾರು ಒಮ್ಮೆ ಏರಿ, ಇಳಿದು, ನಿಂತಿತು. ಅವರು ಏಳಲಿಲ್ಲ.

ಈಗಲೂ ವಾರಕ್ಕೆ ಮೂರು ದಿನ ಅದೇ ದಾರಿ, ಅದೇ ಸೀಟು. ಊರಿನ ಹುಡುಗರು ತಮ್ಮ ಕಾರು ಇಳಿಸಬೇಕೆಂದು ನಮ್ಮನ್ನು ಕೇಳಿಕೊಂಡು ಬರುವುದುಂಟು. ಎಷ್ಟು ಇಂಚು, ಯಾವ ಕಂಪನಿ, ಎಷ್ಟು ದುಡ್ಡು ಎಂದು ಅವರು ಕೇಳುತ್ತಾರೆ. ನಾವು ಅದಕ್ಕೆಲ್ಲ ಉತ್ತರ ಕೊಡುವ ಮೊದಲು ಒಂದೇ ಒಂದು ಮಾತು ಕೇಳುತ್ತೇವೆ: "ನಿಮ್ಮ ಪಕ್ಕದ ಸೀಟಿನಲ್ಲಿ ಕೂರುವವರು ಯಾರು?"